ಪ್ರಶಸ್ತಿಗಾಗಿ ಉರಿದ ಬ್ಯಾರನ್

ಮೊನ್ನೆ ಹುಣಸೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬರು ಬಂದು ಕೂತರು. ಹೆಗಲ ಮೇಲಿನ ಟವಲನ್ನು ಒಮ್ಮೆ ಕೊಡವಿ ತೊಡೆಯ ಮೇಲೆ ಹಾಕಿಕೊಂಡರು, ಅಷ್ಟೆ. ಡೀಸೆಲ್ಲಿನ ಹೊಗೆ, ಹಿಂದಿನ ಸೀಟಿನ ಕಡಲೆಕಾಯಿ, ಯಾರದೋ ಮುಡಿಯ ಮಲ್ಲಿಗೆ ಎಲ್ಲವನ್ನೂ ಮೀರಿ ಹದವಾಗಿ ಬೆಂದ ಹೊಗೆಸೊಪ್ಪಿನ ವಾಸನೆ ಎದ್ದಿತು. ನೀವು ನಮ್ಮ ಕಡೆಯವರಾದರೆ ವಿವರಿಸುವ ಅಗತ್ಯವಿಲ್ಲ. ಅಲ್ಲವಾದರೆ, ಒಣಹುಲ್ಲಿನ ಮೆದೆಗೆ ಒಂದಿಷ್ಟು ಜೇನು ಸವರಿ ಬಿಸಿಲಿಗೆ ಬಿಟ್ಟ ಹಾಗೆ ಅಂದುಕೊಳ್ಳಿ.

ನಾನು ಚೀಲದಿಂದ ಪುಟ್ಟ ಡೈರಿ ತೆಗೆದು, ಆ ದಿನದ ಪುಟದಲ್ಲಿ ‘ಹುಣಸೂರು, ಸೊಪ್ಪಿನ ವಾಸನೆ, ಒಳ್ಳೆಯದು’ ಎಂದು ಬರೆದೆ. ಈ ಚಟ ನನಗೆ ಹೈಸ್ಕೂಲಿನಿಂದಲೂ ಇದೆ. ಮನಸ್ಸಿನ ಮಾತು ಬರೆಯುವ ದಿನಚರಿಯಲ್ಲ ನನ್ನದು. ಬಸ್ಸು ಎಷ್ಟಕ್ಕೆ ಬಂತು, ವಾರದಲ್ಲಿ ಎಷ್ಟು ದಿನ ಮುದ್ದೆ ಎಷ್ಟು ದಿನ ಅನ್ನ, ಯಾರು ಎಷ್ಟು ಸಲ ಫೋನು ಮಾಡಿದರು, ಇಂಥವು. “ಇವಳು ಸೀನಿದ್ದಕ್ಕೂ ಲೆಕ್ಕ ಇಡ್ತಾಳೆ, ಕಟ್ಕೊಂಡೋನ ಗತಿ ಏನೋ” ಎಂದು ಅಮ್ಮ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಮುಂದೆ ನಾನು ಸಂಶೋಧನೆಗೆ ಸೇರಿದಾಗ, ಈ ಚಟಕ್ಕೆ ವಿದ್ಯಾರ್ಥಿವೇತನವನ್ನೂ ಕೊಡುತ್ತಾರೆ ಎನ್ನುವುದನ್ನು ನಂಬಲು ಅವಳಿಗೆ ಬಹಳ ದಿನ ಬೇಕಾಯಿತು.

ಒಳ್ಳೆಯ ವಾಸನೆ ಎಂದು ಯಾಕೆ ಬರೆದೆನೆಂದರೆ, ಕೆಟ್ಟದ್ದೂ ನನಗೆ ಗೊತ್ತು. ಸೀದ ಸೊಪ್ಪಿನ ವಾಸನೆ ಬೇರೆ. ಅದನ್ನು ನಾನು ದೊಡ್ಡಪ್ಪನ ಬ್ಯಾರನ್ನಿನಲ್ಲಿ ಒಮ್ಮೆ ಕುಡಿದಿದ್ದೇನೆ. ಕುಡಿದಿದ್ದೇನೆ ಎನ್ನುವುದೇ ಸರಿ, ಮೂಗಿನಿಂದ ಗಂಟಲಿಗೆ ಇಳಿದು ವಾರವಿಡೀ ಅಲ್ಲೇ ಇತ್ತು.

ನಮ್ಮ ಮೂಲ ಊರು ಪಿರಿಯಾಪಟ್ಟಣ ತಾಲೂಕು, ರಾವಂದೂರಿನ ಪಕ್ಕ. ಅಪ್ಪ ಹುಣಸೂರಿನಲ್ಲಿ ಶಾಲೆಯ ವ್ಯಾನು ಓಡಿಸುತ್ತಾರೆ. ಊರಿನ ಹೊಲ ನೋಡಿಕೊಳ್ಳುತ್ತಿದ್ದವರು ಅಪ್ಪನ ಅಣ್ಣ, ನನ್ನ ದೊಡ್ಡಪ್ಪ. ಆ ಕಡೆ ಹೊಗೆಸೊಪ್ಪನ್ನು ‘ಸೊಪ್ಪು’ ಎಂದಷ್ಟೇ ಕರೆಯುತ್ತಾರೆ. ಮೈಸೂರಿನ ಪ್ರಯೋಗಾಲಯದಲ್ಲಿ ನಾನು “ನಮ್ಮ ದೊಡ್ಡಪ್ಪ ಸೊಪ್ಪು ಬೇಯಿಸುತ್ತಾರೆ” ಅಂದಾಗ ಜೊತೆಯವಳೊಬ್ಬಳು, “ಮಸ್ಸೊಪ್ಪಾ? ಒಂದಿನ ಡಬ್ಬಿಲಿ ತಗೊಂಬಾರೇ” ಅಂದಿದ್ದಳು. ಬೇಯಿಸುವುದೆಂದರೆ ನೀರಿನಲ್ಲಲ್ಲ. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕೋಣೆಯೊಳಗೆ ಸಾಲುಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಇಡುತ್ತಾರೆ. ಒಲೆಯ ಬಿಸಿ ದಪ್ಪ ಕಬ್ಬಿಣದ ಪೈಪುಗಳಲ್ಲಿ ನೆಲದ ಮೇಲೆ ಹರಿದು ಚಿಮಣಿಯಿಂದ ಹೊರಗೆ ಹೋಗುತ್ತದೆ. ಬೆಂಕಿಯನ್ನು ದಿನದಿಂದ ದಿನಕ್ಕೆ ನಿಧಾನವಾಗಿ ಏರಿಸಬೇಕು. ಎಲೆ ಹಳದಿಗೆ ತಿರುಗುವ ಮೊದಲೇ ಬಿಸಿ ಏರಿದರೆ ಹಸಿರಾಗಿಯೇ ಉಳಿದುಬಿಡುತ್ತದೆ. ತೇವ ಆರುವ ಮೊದಲೇ ಏರಿದರೆ ಕಪ್ಪಾಗುತ್ತದೆ. ದೊಡ್ಡಪ್ಪ ಈ ಕೆಲಸದಲ್ಲಿ ಹೆಸರಾದವರು. ಬೆಂಕಿ ಮಾತು ಕೇಳದಿದ್ದಾಗ ಅಕ್ಕಪಕ್ಕದವರು, “ಒಸಿ ಬಂದ್ ನೋಡಣ್ಣ” ಎಂದು ಕರೆಯುತ್ತಿದ್ದರು. ಅವರು ಚಪ್ಪಲಿ ಮೆಟ್ಟಿಕೊಳ್ಳುವುದರಲ್ಲೇ ಒಂದು ಗತ್ತು ಇರುತ್ತಿತ್ತು.

ನನ್ನ ಸಂಶೋಧನೆ ಉಷ್ಣವಿದ್ಯುತ್ತಿನದು. ಹೆಸರು ಕೇಳಿ ಪುಟ ಮಗುಚಬೇಡಿ. ಬಿಸ್ಕತ್ತಿನಷ್ಟು ಅಗಲದ ಒಂದು ಬಿಲ್ಲೆ. ಅದರ ಒಂದು ಮೈ ಬಿಸಿಗೆ, ಇನ್ನೊಂದು ಮೈ ತಂಪಿಗೆ ತಾಗಿದ್ದರೆ ಒಳಗಿನಿಂದ ಕರೆಂಟು ಬರುತ್ತದೆ. ತಿರುಗುವ ಚಕ್ರವಿಲ್ಲ, ಸದ್ದಿಲ್ಲ. ಎರಡು ಮೈಗಳ ಬಿಸಿಯ ಅಂತರ ಹೆಚ್ಚಿದಷ್ಟೂ ಕರೆಂಟು ಹೆಚ್ಚು. ಒಲೆ, ಗೂಡುಗಳಿಂದ ಸುಮ್ಮನೆ ಹೊರಗೆ ಹೋಗುವ ಬಿಸಿಯಲ್ಲಿ ಒಂದು ಪಾಲನ್ನಾದರೂ ಹಿಡಿದುಕೊಳ್ಳುವುದು ಈ ವಿಷಯದವರೆಲ್ಲರ ಆಸೆ. ನನ್ನ ಯೋಚನೆ ಸಣ್ಣದು: ಬ್ಯಾರನ್ನಿನ ಪೈಪಿಗೆ ಬಿಲ್ಲೆಗಳನ್ನು ಕೂರಿಸಿ, ಬರುವ ಕರೆಂಟಿನಿಂದ ಒಳಗೊಂದು ಪುಟ್ಟ ಫ್ಯಾನು ತಿರುಗಿಸಿದರೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಬಿಸಿ ಸಮನಾಗಿ ಹೋದೀತು.

ಈ ವಿಷಯದಲ್ಲಿ ಕೆಲಸ ಮಾಡುವವರದೊಂದು ಸಂಘವಿದೆ. ಅದು ವರ್ಷಕ್ಕೊಮ್ಮೆ ಸಂಶೋಧನಾ ವಿದ್ಯಾರ್ಥಿಗಳ ಕೆಲಸಕ್ಕೆ ಪ್ರಶಸ್ತಿ ಕೊಡುತ್ತದೆ. ಪ್ರಬಂಧ ಕಳಿಸಬೇಕು, ಆಯ್ಕೆಯಾದರೆ ತೀರ್ಪುಗಾರರ ಮುಂದೆ ಹೋಗಿ ಮಾತಾಡಬೇಕು, ಅವರು ಕೇಳಿದ್ದಕ್ಕೆ ಉತ್ತರಿಸಬೇಕು. ಹಾರ ತುರಾಯಿಗಳ ಗದ್ದಲವಿಲ್ಲ. ಆದರೆ ಪ್ರಶಸ್ತಿ ಬಂದವರನ್ನು ಮುಂದೆ ಕರೆದು ಕೆಲಸ ಕೊಡುವವರಿರುತ್ತಾರೆ. ಹಾಗಾಗಿ ನಮ್ಮಂಥವರ ಕಣ್ಣು ಅದರ ಮೇಲೆ ಇದ್ದೇ ಇರುತ್ತದೆ. ನನ್ನ ಕಣ್ಣಿಗಿಂತ ಹೆಚ್ಚಾಗಿ ದೊಡ್ಡಪ್ಪನ ಕಣ್ಣು ಅದರ ಮೇಲೆ ಬಿದ್ದಿತ್ತು ಎನ್ನುವುದು ನನಗೆ ತಡವಾಗಿ ತಿಳಿಯಿತು.

ಪ್ರಶಸ್ತಿ ಎಂದರೇನು ಎಂಬುದರಲ್ಲಿ ದೊಡ್ಡಪ್ಪನಿಗೆ ಅನುಮಾನವಿರಲಿಲ್ಲ, ಏಕೆಂದರೆ ಅವರಿಗೇ ಒಂದು ಬಂದಿತ್ತು. ನಾನು ಚಿಕ್ಕವಳಿದ್ದಾಗ ತಾಲೂಕಿನಲ್ಲಿ ರಾಗಿ ಬೆಳೆಯ ಸ್ಪರ್ಧೆ ನಡೆದು, ಅಧಿಕಾರಿಗಳು ಹೊಲಕ್ಕೆ ಬಂದು, ಹಗ್ಗ ಹಿಡಿದು ಒಂದು ಚೌಕ ಅಳೆದು, ಅಷ್ಟನ್ನೇ ಕೊಯ್ಯಿಸಿ, ಬಡಿಸಿ, ತೂಗಿದ್ದರು. ಯಾರ ಚೌಕದ ರಾಗಿ ಹೆಚ್ಚು ತೂಗಿತೋ ಅವರಿಗೆ ಪ್ರೈಜು. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದರು. ಊದುಬತ್ತಿ ಹಚ್ಚುವಾಗ ದೊಡ್ಡವ್ವ ಅದಕ್ಕೂ ಒಂದು ಸುತ್ತು ತೋರಿಸಿ, “ಇದ್ಕೊಂದು ಕಮ್ಮಿಯಾಗಿತ್ತು” ಎಂದು ಗೊಣಗುತ್ತಿದ್ದಳು.

ನನ್ನ ಪ್ರಯೋಗಕ್ಕೆ ಬ್ಯಾರನ್ ಬೇಕಾಗಿದೆ ಎಂದು ತಿಳಿದ ದಿನವೇ ದೊಡ್ಡಪ್ಪ ಅಪ್ಪನ ಫೋನಿಗೆ ಕರೆ ಮಾಡಿ ನನ್ನನ್ನು ಕೇಳಿದರು. “ಊರೋರ್ ಬ್ಯಾರನ್ ಯಾಕವ್ವಾ? ನಂದೇನ್ ಬೆಂಕಿ ಅಲ್ವಾ?”

ಹಾಗೆ ಆ ವರ್ಷದ ಸೊಪ್ಪಿನ ಕಾಲದಲ್ಲಿ ನಾನು ಬಿಲ್ಲೆಗಳು, ವೈರುಗಳು ಮತ್ತು ಒಂದು ಪೆಟ್ಟಿಗೆಯೊಂದಿಗೆ ಊರಿಗೆ ಹೋದೆ. ಬಿಲ್ಲೆಗಳ ತಂಪು ಮೈಗೆ ಡ್ರಮ್ಮಿನ ನೀರು ಹರಿಯುವ ಹಾಗೆ ಮಾಡಿದೆ. ಪೆಟ್ಟಿಗೆಯನ್ನು ಹೊರಗೋಡೆಗೆ ಮೊಳೆ ಹೊಡೆದು ಕೂರಿಸಿದೆ. ಎಷ್ಟು ಕರೆಂಟು ಬರುತ್ತಿದೆ ಎಂಬುದು ಅದರ ಮುಖದಲ್ಲಿ ಕೆಂಪು ಅಂಕಿಗಳಲ್ಲಿ ಕಾಣುತ್ತಿತ್ತು, ಒಳಗೆ ತಾನಾಗಿಯೇ ದಾಖಲಾಗುತ್ತಲೂ ಇತ್ತು. ಮೊದಲನೆಯ ಬೇಯಿಸುವಿಕೆ ಹದವಾಗಿ ಮುಗಿಯಿತು. ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂತು, ನನ್ನ ಕರೆಂಟೂ ಒಂದು ಮಟ್ಟಕ್ಕೆ ಬಂತು. ಹೇಳಿಕೊಳ್ಳುವಷ್ಟಲ್ಲ, ಫ್ಯಾನು ತಿರುಗುವಷ್ಟು. ಎರಡನೆಯ ಸಲ ಎಲೆ ತುಂಬಿ ಬೆಂಕಿ ಹಾಕಿದ ಮಾರನೆಯ ದಿನ, ದೊಡ್ಡಪ್ಪ ಪೆಟ್ಟಿಗೆಯ ಮುಂದೆ ಕೈ ಹಿಂದೆ ಕಟ್ಟಿ ನಿಂತು ಕೇಳಿದರು.

“ಈ ನಂಬ್ರು ಜಾಸ್ತಿ ಬಂದ್ರೆ ಒಳ್ಳೇದಾ, ಕಮ್ಮಿ ಬಂದ್ರೆ ಒಳ್ಳೇದಾ?”

“ಜಾಸ್ತಿ ಬಂದ್ರೆ ಒಳ್ಳೇದೇ ದೊಡ್ಡಪ್ಪ.”

“ಪ್ರೈಜ್ ಕೊಡೋರು ಇದ್ನ ನೋಡ್ತಾರಾ?”

“ನೋಡ್ತಾರೆ. ಇನ್ನೂ ಏನೇನೋ ನೋಡ್ತಾರೆ.”

“ಊಂ” ಅಂದರು. ನನಗೆ ಮೈಸೂರಿನಲ್ಲಿ ಎರಡು ದಿನದ ಕೆಲಸವಿತ್ತು. ಪೆಟ್ಟಿಗೆಯನ್ನು ನಂಬಿ ಬಸ್ಸು ಹತ್ತಿದೆ.

ವಾಪಸು ಬಂದ ಬೆಳಿಗ್ಗೆ, ಮನೆಯ ತಿರುವಿನಲ್ಲೇ ವಾಸನೆ ಬಂತು. ಅಂಗಳದಲ್ಲಿ ದೊಡ್ಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

“ಬಾರವ್ವಾ, ಬಾ. ನಿಮ್ ದೊಡ್ಡಪ್ಪ ಪ್ರೈಜ್ ಅಡಿಗೆ ಮಾಡವ್ರೆ, ಉಣ್ಣೀವಂತೆ. ಮದ್ವೆಯಾದಾಗಿಂದ ನನ್ ಒಲೆಗೆ ಒಂದ್ ಕಡ್ಡಿ ಇಕ್ಕಿಲ್ಲ ಈ ಮನ್ಸ, ನಿನ್ ಪೆಟ್ಗೆಗೆ ನಿದ್ದೆಗೆಟ್ಟು ಸೌದೆ ಇಕ್ಕವ್ನೆ!”

ದೊಡ್ಡಪ್ಪ ಒಲೆಯ ಬಾಯಿಯ ಹತ್ತಿರ ಗೋಣಿಚೀಲದ ಮೇಲೆ ಕೂತಿದ್ದರು. ಕಣ್ಣು ಕೆಂಪಾಗಿದ್ದವು, ರೆಪ್ಪೆಯ ಮೇಲೆ ಬೂದಿ. ನನ್ನನ್ನು ಕಂಡದ್ದೇ ಎದ್ದು ಪೆಟ್ಟಿಗೆಯ ಹತ್ತಿರ ಕರೆದೊಯ್ದರು.

“ನೋಡವ್ವಾ. ನೀ ಓದಾಗ ಎಲ್ಲಿತ್ತು, ಈಗ್ ಎಲ್ಲಿಗ್ ಓಗದೆ.”

ಅಂಕಿ ನಿಜವಾಗಿಯೂ ಎಲ್ಲಿಗೋ ಹೋಗಿತ್ತು. ನಮ್ಮ ಪ್ರಯೋಗಾಲಯದವರು ಯಾರೂ ಹೊರಗಿನ ಯಾವ ಒಲೆಯಿಂದಲೂ ಅಷ್ಟು ಕರೆಂಟು ತೆಗೆದಿರಲಿಲ್ಲ. ನಾನು ಬ್ಯಾರನ್ನಿನ ಕಿಂಡಿಯಲ್ಲಿ ಬಗ್ಗಿ ನೋಡಿದೆ. ಕಡ್ಡಿಗಳಲ್ಲಿ ತೂಗುತ್ತಿದ್ದ ಎಲೆಗಳು ಮೇಲಿನಿಂದ ಕೆಳಗಿನವರೆಗೆ ಕಂದು, ಕಪ್ಪು.

“ದೊಡ್ಡಪ್ಪ, ಸೊಪ್ಪು?”

“ಸೊಪ್ ಬುಡು. ಗಿಡ್ದಾಗೆ ಇನ್ನೂ ಎಲೆ ಅದೆ, ಇನ್ನೊಂದ್ ಕೊಯ್ಲಿಗ್ ಬತ್ತದೆ. ನಿನ್ ಪ್ರೈಜ್ ಇನ್ನೊಂದ್ ಸಲ ಬತ್ತದಾ?”

ರಾಗಿಯನ್ನು ತೂಗಿದ ಹಾಗೆ ನನ್ನ ಕರೆಂಟನ್ನೂ ತೂಗುತ್ತಾರೆ ಎಂದು ಅವರು ತಿಳಿದಿದ್ದರು. ಹೆಚ್ಚು ತೂಗಲಿ ಎಂದು ತುಂಬಿದ ಬ್ಯಾರನ್ನನ್ನೇ ಒಲೆಗೆ ಒಪ್ಪಿಸಿದ್ದರು. ಬೆಂಕಿ ಎಲ್ಲಿ ಮೀರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೇ ಮೀರಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಬೇಲಿಯಾಚೆಯ ಪುಟ್ಟಸ್ವಾಮಣ್ಣ ಬಂದ. ಕೆಳಗಿಳಿಸಿದ ಕಡ್ಡಿಯೊಂದನ್ನು ಎತ್ತಿ ಹಿಡಿದು, “ಏನಣ್ಣಾ, ಕೊಡಗಿಂದ ಕಾಫಿ ಬೀಜ ತಂದು ಉರ್ದಿದ್ದೀಯಾ? ನಮ್ಗೂ ಒಂದ್ ಲೋಟ ಕೊಡು” ಅಂದ.

“ಒಣಗಿದ್ ಸೌದೆ ಕಣ್ಲಾ, ಒಂದೇ ಸಲ ಅತ್ಕತು. ನಾನೂ ಒಸಿ ಕಣ್ ಮುಚ್ಬುಟ್ಟಿದ್ದೆ” ಅಂದರು ದೊಡ್ಡಪ್ಪ.

“ನೀನು? ಕಣ್ ಮುಚ್ದೆ?”

“ಊಂ ಕಣ್ಲಾ. ವಯಸ್ಸಾಯ್ತು. ಓಗ್ ನಿನ್ ಕೆಲ್ಸ ನೋಡೋಗು.”

ನನ್ನ ಪೆಟ್ಟಿಗೆಯ ಮಾತು ಅವರ ಬಾಯಿಂದ ಬರಲಿಲ್ಲ. ದೊಡ್ಡಪ್ಪ ಬ್ಯಾರನ್ ಮುಂದೆ ನಿದ್ದೆ ಹೋದರಂತೆ ಎಂಬುದು ಸಂಜೆಯೊಳಗೆ ಟೀ ಅಂಗಡಿಯಲ್ಲಿ ಸುದ್ದಿಯಾಯಿತು. ಆ ವರ್ಷ ಅವರನ್ನು “ಒಸಿ ಬಂದ್ ನೋಡಣ್ಣ” ಎಂದು ಯಾರೂ ಕರೆಯಲಿಲ್ಲ. ಆ ದಿನದ ನನ್ನ ಡೈರಿ ತೆಗೆದರೆ ಬಸ್ಸಿನ ಸಮಯ ಇದೆ, ಕರೆಂಟಿನ ಅಂಕಿ ಇದೆ, ಮಧ್ಯಾಹ್ನ ಹುರುಳಿ ಸಾರು ಎಂದಿದೆ. ಬೇರೆ ಏನೂ ಇಲ್ಲ.

ಮೈಸೂರಿಗೆ ಬಂದು ಎರಡೂ ಬೇಯಿಸುವಿಕೆಯ ಕರೆಂಟಿನ ಗ್ರಾಫಿನ ಗೆರೆಗಳನ್ನು ನನ್ನ ಮಾರ್ಗದರ್ಶಕರ ಮುಂದೆ ಇಟ್ಟೆ. ನಾವು ಅವರನ್ನು ಮೇಡಂ ಎಂದಷ್ಟೇ ಕರೆಯುವುದು. ಮೊದಲನೆಯ ಗೆರೆ ಮಲಗಿದ ಹಾಗಿತ್ತು. ಎರಡನೆಯದು ಎದ್ದು ನಿಂತಿತ್ತು. ಮೇಡಂ ಎರಡನೆಯದನ್ನೇ ಬಹಳ ಹೊತ್ತು ನೋಡಿ, ಇದು ಹೇಗಾಯಿತು ಎಂದರು. ಹೇಳಿದೆ.

“ರೀಡಿಂಗ್ ಸುಳ್ಳಲ್ಲ” ಎಂದರು. “ಬಿಲ್ಲೆಗಳು ನಿಜವಾಗಿಯೂ ಇಷ್ಟು ಕೊಟ್ಟಿವೆ. ಆದರೆ ನಿನ್ನ ಪ್ರಬಂಧದ ತಲೆಬರಹದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಅಂತ ಇದೆಯಲ್ಲ? ಇಷ್ಟು ಬೆಂಕಿಯಲ್ಲಿ ಯಾರೂ ಸೊಪ್ಪು ಬೇಯಿಸಲ್ಲ. ಯೋಚನೆ ಮಾಡು. ಹಾಕೋದು ಬಿಡೋದು ನಿನಗೆ ಸೇರಿದ್ದು.”

ಆ ವಾರ ನಾನು ಯೋಚಿಸಿದ್ದು ಪ್ರಾಮಾಣಿಕತೆಯ ಬಗ್ಗೆ ಎಂದು ಹೇಳಿಕೊಂಡರೆ ನಿಮಗೆ ನನ್ನ ಮೇಲೆ ಗೌರವ ಬಂದೀತು. ಯೋಚಿಸಿದ್ದು ದೊಡ್ಡಪ್ಪನ ಬಗ್ಗೆ. ಎರಡನೆಯ ಗೆರೆಯನ್ನು ಬಿಟ್ಟರೆ ಅವರ ಆ ಬ್ಯಾರನ್, ಕೆಂಪಾದ ಕಣ್ಣು, ಪುಟ್ಟಸ್ವಾಮಣ್ಣನಿಗೆ ಹೇಳಿದ ಸುಳ್ಳು ಯಾವುದಕ್ಕೂ ಅರ್ಥವಿಲ್ಲದ ಹಾಗಾಗುತ್ತದೆ. ಏನೂ ವಿವರಿಸದೆ ಹಾಕಿದರೆ, ಅದು ಅವರು ಬೇಯಿಸಿದ ಸೊಪ್ಪಿನ ಗೆರೆ ಎಂದಾಗುತ್ತದೆ. ನಿಜಕ್ಕೂ ಅದು ಅವರು ಸುಟ್ಟ ಸೊಪ್ಪಿನ ಗೆರೆ. ಕೊನೆಗೆ ಎರಡನ್ನೂ ಹಾಕಿದೆ. ಎರಡನೆಯದರ ಕೆಳಗೆ, ಈ ಸಲ ಬೆಂಕಿ ಮಿತಿ ಮೀರಿತ್ತು, ಎಲೆ ಪೂರ್ತಿ ಹಾಳಾಯಿತು ಎಂದು ಬರೆದೆ.

ಪ್ರಬಂಧ ಆಯ್ಕೆಯಾಯಿತು. ಬೇರೆ ರಾಜ್ಯದ ದೊಡ್ಡ ಊರಿನಲ್ಲಿ, ತಣ್ಣಗೆ ಕೊರೆಯುವ ಸಭಾಂಗಣದಲ್ಲಿ ನಿಂತು ಮಾತಾಡಿದೆ. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, ಆಪರೇಟರ್ ಯಾಕೆ ಬೆಂಕಿಯನ್ನು ಮಿತಿ ಮೀರಿಸಿದ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು, ಆಪರೇಟರ್‌ಗೆ ಪ್ರಯೋಗದ ಉದ್ದೇಶವನ್ನು ಸರಿಯಾಗಿ ವಿವರಿಸಿರಲಿಲ್ಲ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ನಮ್ಮ ವಿಷಯದ ಪ್ರಬಂಧಗಳಲ್ಲಿ ಒಲೆಯ ಮುಂದೆ ಕೂತವರೆಲ್ಲ ಆಪರೇಟರ್‌ಗಳೇ. ವೇದಿಕೆಯಿಂದ ಇಳಿದು ಕುರ್ಚಿಗೆ ಬಂದು ಕೂತ ಮೇಲೂ ಆ ಪದ ನನ್ನ ಬಾಯಲ್ಲೇ ಉಳಿದಿತ್ತು.

ಪ್ರಶಸ್ತಿ ಬರಲಿಲ್ಲ. ಫೋನಿನಲ್ಲಿ ಹೇಳಲು ಮನಸ್ಸಾಗದೆ ಊರಿಗೇ ಹೋದೆ. ದೊಡ್ಡಪ್ಪ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು, ಎದುರಿಗೆ ದೊಡ್ಡವ್ವ.

“ಯಾರ್ಗ್ ಬಂತು?”

“ಬೇರೆ ಊರಿನ ಹುಡುಗಿಗೆ ದೊಡ್ಡಪ್ಪ.”

“ಅವ್ಳು ಎಷ್ಟ್ ಕರೆಂಟ್ ತಗುದ್ಲಂತೆ?”

“ಅವಳು ಕರೆಂಟ್ ತೆಗೀಲಿಲ್ಲ. ಯಾವ ವಸ್ತುವಿನೊಳಗೆ ಬಿಸಿ ಯಾಕೆ ನಿಧಾನವಾಗಿ ಹರಿಯುತ್ತೆ ಅಂತ ಲೆಕ್ಕ ಹಾಕಿ ತೋರ್ಸಿದ್ಲು. ಚೆನ್ನಾಗಿತ್ತು.”

“ಒಲೆ ಅಚ್ಲೇ ಇಲ್ವಾ?”

“ಇಲ್ಲ.”

ದೊಡ್ಡಪ್ಪ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. “ಅಂಗಾರೆ ನಾನ್ ಯಾತುಕ್ಕವ್ವಾ ಆಪಾಟಿ ಬೆಂಕಿ ಆಕ್ದೆ?”

ದೊಡ್ಡವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗಲು ಶುರುಮಾಡಿದಳು. ನನಗೂ ನಗು ಬಂತು. ದೊಡ್ಡಪ್ಪನೂ ಹೆಗಲು ಕುಲುಕುವ ಹಾಗೆ ನಕ್ಕರು. ನಗು ಮೊದಲು ನಿಂತದ್ದು ಅವರದೇ.

“ನನ್ ಇಸ್ಯ ಯೋಳ್ದಾ ಅಲ್ಲಿ?”

“ಹೇಳ್ದೆ. ಸೊಪ್ಪು ಸೀದದ್ದೂ ಹೇಳ್ದೆ.”

“ಎಸ್ರು ಯೋಳ್ದಾ?”

“ಇಲ್ಲ ದೊಡ್ಡಪ್ಪ. ಅಲ್ಲಿ ಹೆಸರು ಹೇಳೋ ರೂಢಿ ಇಲ್ಲ.”

“ಒಳ್ಳೇದಾಯ್ತು ಬುಡು” ಅಂದು ಎದ್ದು, ಎಮ್ಮೆಗೆ ನೀರಿಡಲು ಹೋದರು.

ಆ ಮಾತನ್ನು ನಾನು ಎಷ್ಟೋ ಸಲ ಮಗುಚಿ ನೋಡಿದ್ದೇನೆ. ಸೊಪ್ಪು ಸುಟ್ಟವನೆಂದು ದೂರದ ಊರಿನಲ್ಲೂ ಹೆಸರಾಗಲಿಲ್ಲವಲ್ಲ ಎಂಬ ನೆಮ್ಮದಿಯೋ, ಇಷ್ಟೆಲ್ಲ ಮಾಡಿದವನ ಹೆಸರು ಒಂದು ಸಲ ಬರಬಹುದಿತ್ತು ಎಂಬ ನೋವೋ. ಕೇಳಬಹುದಾಗಿತ್ತು, ನಮ್ಮ ನಡುವೆ ಅಂಥ ಸಂಕೋಚವೇನೂ ಇರಲಿಲ್ಲ. ಹೋದಾಗಲೆಲ್ಲ ಬೇರೆ ಮಾತು ಬರುತ್ತಿತ್ತು. ಮಾರನೆಯ ವರ್ಷ ಸೊಪ್ಪಿನ ನಾಟಿ ಮುಗಿದ ವಾರ, ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವರು ಹುಣಸೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ನನ್ನ ಮಹಾಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ‘ದೊಡ್ಡಪ್ಪ’ ಎಂದಷ್ಟೇ ಉಳಿಸಿದೆ. ಈ ಬರಹದಲ್ಲೂ ಅವರ ಹೆಸರು ಎಲ್ಲೂ ಬಂದಿಲ್ಲ, ನೀವು ಗಮನಿಸಿರಬಹುದು.

ಮೊನ್ನೆಯ ಬಸ್ಸಿನಲ್ಲಿ ನಾನು ಹೊರಟಿದ್ದು ದೊಡ್ಡವ್ವನ ಮನೆಗೆ. ಮಾರನೆಯ ದಿನ ಅಲ್ಲೇ ಕೂತು ಒಂದು ಕೆಲಸ ಮಾಡಬೇಕಿತ್ತು. ಅದೇ ಸಂಘ ಈ ವರ್ಷ, ಹಿಂದೆ ಕೊನೆಯ ಸುತ್ತಿಗೆ ಬಂದಿದ್ದ ನಮ್ಮಂಥ ಕೆಲವರನ್ನು ಮೊದಲ ಸುತ್ತಿನ ತೀರ್ಪಿಗೆ ಸೇರಿಸಿಕೊಂಡಿದೆ. ನಾಲ್ವರು ತೀರ್ಪುಗಾರರು ನಾಲ್ಕು ಊರುಗಳಲ್ಲಿ ಲ್ಯಾಪ್‌ಟಾಪ್ ಮುಂದೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಪರದೆಯ ಮೇಲೆ ಬಂದು ಹೋಗುತ್ತಿದ್ದರು. ಸಂಜೆಯ ಹೊತ್ತಿಗೆ ಬಂದವನು ಕೆ.ಆರ್. ನಗರದ ಕಡೆಯ ಹುಡುಗ. ರಜೆಗೆ ಊರಿಗೆ ಹೋಗಿದ್ದನೆಂದು ಕಾಣುತ್ತದೆ, ಹಿಂದೆ ಸುಣ್ಣ ಬಳಿದ ಗೋಡೆಯಿತ್ತು. ಆಲೆಮನೆಯ ಚಿಮಣಿಗೆ ಬಿಲ್ಲೆ ಕೂರಿಸಿ ಕರೆಂಟು ತೆಗೆದಿದ್ದ. ಅವನ ಗೆರೆ ಎದ್ದು ನಿಂತಿತ್ತು. ಉಳಿದ ಮೂವರು ಮೆಚ್ಚಿಕೊಂಡರು, ಬಿಲ್ಲೆಯ ಬಗ್ಗೆ, ಅಂಟಿನ ಬಗ್ಗೆ, ನೀರಿನ ಹರಿವಿನ ಬಗ್ಗೆ ಕೇಳಿದರು. ಅವನು ಎಲ್ಲಕ್ಕೂ ಚುರುಕಾಗಿ ಉತ್ತರಿಸಿದ. ನನ್ನ ಸರದಿ ಬಂತು. ಕೇಳಬೇಕೆಂದು ಬರೆದಿಟ್ಟುಕೊಂಡದ್ದನ್ನು ಬಿಟ್ಟು, ಕನ್ನಡದಲ್ಲೇ ಕೇಳಿದೆ.

“ಆ ದಿನ ಬೆಲ್ಲ ಹೇಗೆ ಬಂತು?”

ಅವನೂ ಕನ್ನಡಕ್ಕೆ ಬಂದ. “ಇದನ್ನ ಯಾರೂ ಕೇಳಿರ್ಲಿಲ್ಲ ಮೇಡಂ. ಪಾಕ ಸೀದೋಯ್ತು. ಬೆಲ್ಲ ಆಗ್ಲಿಲ್ಲ.” ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಹೇಳಿದ. “ಆಲೆಮನೆ ನಮ್ಮ ಸೋದರಮಾವಂದು. ನಿನ್ ಓದಿಗೆ ಆಗ್ತದೆ, ಸುಮ್ನಿರು ಅಂತ ಅವರೇ ಒಲೆಗೆ ಕಬ್ಬಿನ ಸಿಪ್ಪೆ ಹಾಕ್ತಾ ಹೋದ್ರು.”

“ಅದನ್ನೂ ಬರೀರಿ” ಎಂದೆ.

“ಬರದ್ರೆ ಮಾರ್ಕ್ಸ್ ಹೋಗುತ್ತಾ ಮೇಡಂ?”

“ನನ್ನ ಕಡೆಯಿಂದ ಹೋಗಲ್ಲ.”

“ಮಾವನ ಹೆಸರೂ ಹಾಕ್ಬೇಕಾ?”

ಕನ್ನಡ ಬಾರದ ಉಳಿದ ಮೂವರಿಗೆ ನಮ್ಮ ಮಾತು ಅರ್ಥವಾಗುತ್ತಿರಲಿಲ್ಲ. ಒಬ್ಬರು ಗಡಿಯಾರ ನೋಡಿಕೊಂಡರು. “ಹಾಕ್ಬೇಕೋ ಬೇಡ್ವೋ ನಂಗೆ ಗೊತ್ತಿಲ್ಲ” ಎಂದೆ. “ಅವರನ್ನೇ ಕೇಳಿ.”

“ಇಲ್ಲೇ ಇದಾರೆ ಮೇಡಂ, ಕೇಳ್ಲಾ?” ಎಂದವನೇ ಉತ್ತರಕ್ಕೂ ಕಾಯದೆ ಎದ್ದು ಹೋದ. ಪರದೆಯ ಮೇಲೆ ಒಂದು ಖಾಲಿ ಕುರ್ಚಿ, ಅದರ ಹಿಂದೆ ಸುಣ್ಣದ ಗೋಡೆ. ಇಂಗ್ಲಿಷಿನಲ್ಲಿ ಯಾರೋ ಏನಾಯಿತೆಂದು ಕೇಳಿದರು. ಒಂದು ನಿಮಿಷ ಕಾಯಬೇಕು ಎಂದೆ. ಅಲ್ಲೆಲ್ಲೋ ಹೊರಗೆ ಅವನು ಕೂಗುವುದು ಕೇಳಿಸಿತು: “ಮಾವ... ಮಾವೋ... ಒಸಿ ಬಾ ಇಲ್ಲಿ.”

ನಾವೆಲ್ಲ ಕಾದೆವು.